ಪಕ್ಕದ ಮನೆಯ ಮೆಲ್‌ಡ್ರೂ

ವಿಕ್ಟರ್ ಮೆಲ್‌ಡ್ರೂನನ್ನು ಯಾರಾದರೂ ಸಿಡುಕುಮೋರೆ ಮುದುಕ ಅಂದುಬಿಟ್ಟರೆ ನನಗೆ ಸುಮ್ಮನಿರುವುದಕ್ಕೆ ಆಗುವುದಿಲ್ಲ. ಕೈಲಿರುವ ಕೆಲಸ ಬಿಟ್ಟು ಸ್ವಲ್ಪ ಈ ಕಡೆ ಬನ್ನಿ, ಹೇಳುತ್ತೇನೆ. ಬಿಬಿಸಿಯಲ್ಲಿ 1990ರ ಜನವರಿಯಲ್ಲಿ ಶುರುವಾಗಿ 2000ದ ನವೆಂಬರಿನಲ್ಲಿ ಮುಗಿದ ‘ಒನ್ ಫುಟ್ ಇನ್ ದ ಗ್ರೇವ್’ ಅನ್ನುವ ಹಾಸ್ಯ ಧಾರಾವಾಹಿಯ ನಾಯಕ ಅವನು. ಬರೆದವರು ಡೇವಿಡ್ ರೆನ್‌ವಿಕ್. ಹತ್ತು ವರ್ಷದಲ್ಲಿ ಆರೇ ಆರು ಸರಣಿ, ನಡುನಡುವೆ ಕ್ರಿಸ್‌ಮಸ್ಸಿಗೆ ಒಂದೊಂದು ವಿಶೇಷ ಕಂತು. ದಿನಾ ರಬ್ಬರಿನ ಹಾಗೆ ಎಳೆಯುವ ಬಾಬತ್ತಲ್ಲ.

ಮೊದಲನೇ ಕಂತಿನಲ್ಲೇ ಅವನ ಕೆಲಸ ಹೋಗುತ್ತದೆ. ಒಂದು ಕಚೇರಿಯಲ್ಲಿ ಸೆಕ್ಯುರಿಟಿ ಕೆಲಸ, ವಯಸ್ಸು ಅರವತ್ತು. ಅವನ ಜಾಗಕ್ಕೆ ಬಂದವನು ಹುಡುಗನಲ್ಲ, ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಷ್ಟು ವರ್ಷ ದುಡಿದವನ ಜಾಗವನ್ನು ಒಂದು ಡಬ್ಬಿ ತುಂಬಿತಲ್ಲ ಅನ್ನುವ ಸಂಕಟ ಅವನದು. ಮೈಯಲ್ಲಿ ಕಸುವಿದೆ, ತಲೆ ಚುರುಕಾಗಿದೆ, ಆದರೂ ಊರು ಹೋಗು ಅನ್ನುತ್ತಿದೆ, ಕಾಡು ಬಾ ಅನ್ನುತ್ತಿದೆ ಎಂದು ಲೋಕವೇ ತೀರ್ಮಾನ ಮಾಡಿಬಿಟ್ಟಿದೆ. ಅವನ ಸಿಟ್ಟನ್ನು ಇಲ್ಲಿಂದಲೇ ನೋಡಬೇಕು.

ಆಮೇಲೆ ಅವನಿಗೆ ಬಂದದ್ದಾದರೂ ಎಂಥೆಂಥ ಫಜೀತಿ! ರಜೆಗೆ ಹೋಗಿ ವಾಪಸ್ಸು ಬಂದರೆ ಇದ್ದ ಮನೆ ನೆಲಸಮ. ಜಗಳವಾಡಿದ ಕೆಲಸದವನೊಬ್ಬ ಇವನನ್ನು ಕುತ್ತಿಗೆಮಟ್ಟ ತೋಟದ ಮಣ್ಣಿನಲ್ಲಿ ಹೂತುಬಿಡುತ್ತಾನೆ. ಫೋನು ರಿಂಗಾಯಿತು ಅಂತ ನೋಡದೇ ಕೈಹಾಕಿ ಎತ್ತಿದರೆ ಕೈಗೆ ಬಂದದ್ದು ಡ್ಯಾಶ್‌ಹಂಡ್ ನಾಯಿಮರಿ. ಅದನ್ನೇ ಕಿವಿಗಿಟ್ಟು ಠೀವಿಯಿಂದ ತನ್ನ ನಂಬರು ಹೇಳುತ್ತಾನೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯುಕ್ಕಾ ಗಿಡದ ಪ್ರಸಂಗ. ಗಿಡ ತಂದುಕೊಡುವವನಿಗೆ ಇವನು ಕೆಳಗಿನ ಟಾಯ್ಲೆಟ್ಟಿನಲ್ಲಿ ಇಡು ಅಂದಿರುತ್ತಾನೆ. ಹೋಗಿ ಬಾಗಿಲು ತೆಗೆದು ನೋಡಿದರೆ ಕಮೋಡಿನ ತುಂಬ ಮಣ್ಣು, ಅದರಲ್ಲಿ ನೆಟ್ಟಗೆ ನಿಂತ ಗಿಡ. ಟಾಯ್ಲೆಟ್ಟಿನಲ್ಲಿ ಅಂದರೆ ಕುಂಡದ ಸಮೇತ ಅಂತ ಕಣಯ್ಯಾ ಎಂದು ಫೋನಿನಲ್ಲಿ ಕೂಗಾಡುತ್ತಾನೆ. ಈಗ ನೀವೇ ಹೇಳಿ, ಇಲ್ಲಿ ತಪ್ಪು ಯಾರದು? ಇವನು ಕೇಳಿದ್ದು ನ್ಯಾಯವಾದದ್ದನ್ನೇ. ಅಂಗಡಿಯವನು ಸರಿಯಾದ ಸಾಮಾನು ಕೊಡಬೇಕು, ಬಂದ ಕೆಲಸಗಾರ ಕೆಲಸ ಮುಗಿಸಿ ಹೋಗಬೇಕು, ಕಂಡವರ ಮನೆ ಮುಂದೆ ಕಸ ಎಸೆಯಬಾರದು. ಇಷ್ಟೇ ಅವನ ಬೇಡಿಕೆ.

‘ಐ ಡೋಂಟ್ ಬಿಲೀವ್ ಇಟ್’ ಅನ್ನುವುದು ಅವನ ಖಾಯಂ ಉದ್ಗಾರ. ಇಂಗ್ಲೆಂಡಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಓಡಾಡಿತು. ಲೋಕ ಇರುವುದೇ ಹೀಗೆ ಅಂತ ಕೈಚೆಲ್ಲಿದವನು ಈ ಮಾತು ಆಡುವುದಿಲ್ಲ ನೋಡಿ. ನೂರು ಸಲ ಮೋಸಹೋಗಿದ್ದರೂ ನೂರಾ ಒಂದನೇ ಸಲ ಎಲ್ಲ ಸರಿಯಾಗಿಯೇ ಆಗುತ್ತದೆ ಎಂದು ಕಾಯುತ್ತಿದ್ದವನಿಗೆ ಮಾತ್ರ ಅಷ್ಟು ಆಶ್ಚರ್ಯವಾಗಲು ಸಾಧ್ಯ. ಅವನನ್ನು ನಾನು ಇಷ್ಟಪಡುವುದು ಇದಕ್ಕೇ.

ಹೊಸ ಮನೆಗೆ ಬಂದ ಮೇಲೆ ಎಡಬಲದಲ್ಲಿ ಸಿಕ್ಕ ನೆರೆಹೊರೆಯವರನ್ನು ನೋಡಿ. ಒಂದು ಕಡೆ ಪ್ಯಾಟ್ರಿಕ್ ಮತ್ತು ಪಿಪ್ಪಾ. ಪ್ಯಾಟ್ರಿಕ್‌ಗೆ ವಿಕ್ಟರ್ ಒಬ್ಬ ಹುಚ್ಚ ಅನ್ನುವುದು ಖಾತ್ರಿಯಾಗಿಬಿಟ್ಟಿದೆ. ಯಾಕೆಂದರೆ ಬೇಲಿಯಾಚೆಯಿಂದ ಅವನಿಗೆ ಕಾಣುವುದು ಪ್ರತಿ ಸಲವೂ ಕಥೆಯ ಕೊನೆಯ ತುಣುಕು ಮಾತ್ರ. ಇವನು ಯಾಕೆ ಆ ಅವಸ್ಥೆಯಲ್ಲಿ ನಿಂತಿದ್ದಾನೆ ಅನ್ನುವುದು ನೋಡುವ ನಮಗೆ ಗೊತ್ತು, ಪ್ಯಾಟ್ರಿಕ್‌ಗೆ ಗೊತ್ತಿಲ್ಲ. ಅವನನ್ನೂ ಕೆಟ್ಟವನು ಅನ್ನಲಾರೆ. ಕಂಡದ್ದನ್ನು ನಂಬಿದ, ಅಷ್ಟೇ. ಆಂಗಸ್ ಡೀಟನ್ ಆ ಪಾತ್ರವನ್ನು ಮುಖದ ಒಂದು ಗೆರೆಯೂ ಅಲುಗದ ಹಾಗೆ ಮಾಡಿದ್ದಾರೆ. ಪಿಪ್ಪಾಗೆ ಮಾತ್ರ ವಿಕ್ಟರನ ಹೆಂಡತಿ ಮಾರ್ಗರೆಟ್ ಜೊತೆ ಸ್ನೇಹ ಕುದುರುತ್ತದೆ.

ಇನ್ನೊಂದು ಕಡೆ ನಿಕ್ ಸ್ವೇನಿ. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬನೇ ನೋಡಿಕೊಳ್ಳುತ್ತಾನೆ, ಆದರೂ ಬೇಲಿಯ ಹತ್ತಿರ ಬಂದಾಗಲೆಲ್ಲ ಮುಖದ ತುಂಬ ನಗು. ವಿಕ್ಟರ್ ಹಿಂದಿನ ದಿನ ಏನು ಬೈದಿದ್ದರೂ ಅವನ ಮನಸ್ಸಿನಲ್ಲಿ ಉಳಿಯುವುದಿಲ್ಲ. ಮತ್ತೆ ಮಿಸೆಸ್ ವಾರ್‌ಬಾಯ್ಸ್ ಇದ್ದಾಳೆ, ಮಾರ್ಗರೆಟ್ಟಿನ ಗೆಳತಿ. ಬಾಯಿ ತೆಗೆದರೆ ಮುಚ್ಚುವುದಿಲ್ಲ. 1992ರ ಒಂದು ಕಂತಿನಲ್ಲಿ ರಜಾದಿನದ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡ ಕಾರಿನೊಳಗೆ ವಿಕ್ಟರ್, ಮಾರ್ಗರೆಟ್, ಇವಳು. ಕಾರು ಕದಲುವುದಿಲ್ಲ, ಕಥೆಯೂ ಆ ಕಾರು ಬಿಟ್ಟು ಆಚೆ ಹೋಗುವುದಿಲ್ಲ.

ಆದರೆ ಈ ಧಾರಾವಾಹಿಯ ಜೀವ ಇರುವುದು ಮಾರ್ಗರೆಟ್ಟಿನಲ್ಲಿ. ಹೆಂಡತಿ ಅಂದರೆ ಗಂಡನ ಪೆದ್ದುತನಕ್ಕೆ ಕಣ್ಣು ತಿರುಗಿಸುವವಳು ಅನ್ನುವ ಹಾಸ್ಯ ಧಾರಾವಾಹಿಗಳ ಹಳೇ ರೂಢಿಯನ್ನು ಆ ಪಾತ್ರ ಮಾಡಿದ ಆನೆಟ್ ಕ್ರಾಸ್ಬಿ ಮುರಿದರು. ಮಾರ್ಗರೆಟ್‌ಗೂ ಸಿಟ್ಟು ಬರುತ್ತದೆ, ವಿಕ್ಟರನಿಗಿಂತ ಜೋರಾಗಿಯೇ ಬರುತ್ತದೆ. ಒಂದು ಕಂತಿನಲ್ಲಿ ಬೇರೊಬ್ಬ ಗಂಡಸು ಅವಳಿಗೆ ಹತ್ತಿರವಾಗಲು ನೋಡುತ್ತಾನೆ. ಅವಳು ಅವನಿಗೆ ಕೊಡುವ ಉತ್ತರವನ್ನು ಕೇಳಬೇಕು ನೀವು. ನನ್ನ ಗಂಡನಷ್ಟು ಸೂಕ್ಷ್ಮ ಮನಸ್ಸಿನವನನ್ನು ನಾನು ಕಂಡೇ ಇಲ್ಲ, ಅದಕ್ಕೇ ಅವನ ಮೇಲೆ ಪ್ರೀತಿ, ಅದಕ್ಕೇ ಅವನ ತಲೆಯನ್ನು ಟಿವಿಯೊಳಗೆ ತುರುಕಿಬಿಡೋಣ ಅನ್ನಿಸುವುದೂ ಎಂಬ ಅರ್ಥದ ಮಾತು. ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಇನ್ನು 1990ರ ‘ಟೈಮ್‌ಲೆಸ್ ಟೈಮ್’ ಕಂತು. ಅರ್ಧ ಗಂಟೆ ಪೂರ್ತಿ ಗಂಡ ಹೆಂಡತಿ ಹಾಸಿಗೆಯಲ್ಲಿ, ನಿದ್ದೆ ಬರದ ಒಂದೇ ರಾತ್ರಿ. ಮಗ್ಗುಲು ಬದಲಾಯಿಸುತ್ತಾ ಏನೇನೋ ಮಾತು. ನಡುವೆ ಸ್ಟುವರ್ಟ್ ಅನ್ನುವ ಹೆಸರು ಬರುತ್ತದೆ. ಅದು ಅವರು ಕಳೆದುಕೊಂಡ ಮಗು ಎಂದು ನಮಗೆ ಹೊಳೆಯುವಷ್ಟೇ ಸುಳಿವು ಕೊಟ್ಟು ರೆನ್‌ವಿಕ್ ಮುಂದೆ ಸರಿದುಬಿಡುತ್ತಾರೆ. ನಗಿಸುವುದಕ್ಕೆ ಕೂತ ಲೇಖಕನಿಗೆ ಆ ಧೈರ್ಯ ಬಂತಲ್ಲ! ಇದಾದ ಮೇಲೆ ಅವರಿಬ್ಬರ ಜಗಳ ನೋಡಿದಾಗಲೆಲ್ಲ ಆ ಮಗು ನೆನಪಾಗುತ್ತದೆ.

ವಿಕ್ಟರನಾಗಿ ನಟಿಸಿದ ರಿಚರ್ಡ್ ವಿಲ್ಸನ್ ಈ ಪಾತ್ರವನ್ನು ಮೊದಲು ಒಲ್ಲೆ ಅಂದಿದ್ದರು. ಅವರಿಗಿನ್ನೂ ಐವತ್ತರ ಆಚೆ ಈಚೆ, ಅರವತ್ತರವನಾಗಿ ಕಾಣಿಸಿಕೊಳ್ಳಲು ತನಗೆ ವಯಸ್ಸು ಸಾಲದು ಅಂತ. ರೆನ್‌ವಿಕ್ ಬರೆದದ್ದೇ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಕೊನೆಗೆ ಒಪ್ಪಿದರು, ಎರಡು ಸಲ ಬಾಫ್ಟಾ ಪ್ರಶಸ್ತಿಯೂ ಬಂತು. 1993ರ ‘ದ ಟ್ರಯಲ್’ ಕಂತಿನಲ್ಲಿ ಅವರೊಬ್ಬರೇ. ಕೋರ್ಟಿನಿಂದ ಜ್ಯೂರಿ ಕೆಲಸಕ್ಕೆ ಕರೆ ಬರುತ್ತದೆಂದು ಮನೆಯಲ್ಲಿ ಕೂತು ಕಾಯುವುದು. ಎದುರಿಗೆ ಇನ್ನೊಬ್ಬ ನಟನಿಲ್ಲದೆ ಇಡೀ ಕಂತನ್ನು ಹೊತ್ತಿದ್ದಾರೆ. ಅಮೆರಿಕದವರು 1996ರಲ್ಲಿ ಇದೇ ಕಥೆಯ ಎಳೆ ಹಿಡಿದು ‘ಕಾಸ್ಬಿ’ ಮಾಡಿದರು. ಸ್ವೀಡನ್ನಿನವರೂ ಜರ್ಮನಿಯವರೂ ತಮ್ಮ ತಮ್ಮ ಭಾಷೆಯಲ್ಲಿ ಮಾಡಿಕೊಂಡರು.

ಕೊನೆಯ ಕಂತಿನ ವಿಷಯ ಹೇಳದೆ ಬಿಡಲಾರೆ. ರೆನ್‌ವಿಕ್ ವಿಕ್ಟರನನ್ನು ಸಾಯಿಸಿದರು. ಹೆಂಡತಿಗಾಗಿ ರಸ್ತೆಯಲ್ಲಿ ಕಾಯುತ್ತಿದ್ದವನಿಗೆ ಕಾರೊಂದು ಗುದ್ದಿ ನಿಲ್ಲಿಸದೆ ಹೋಗುತ್ತದೆ. ಗುದ್ದಿದವಳ ಜೊತೆಗೇ ಮಾರ್ಗರೆಟ್‌ಗೆ ಅರಿವಿಲ್ಲದೆ ಸ್ನೇಹ ಬೆಳೆಯುತ್ತದೆ. ನಿಜ ತಿಳಿದ ಮೇಲೆ ಅವಳಿಗೆ ಕೊಡುವ ಕಿತ್ತಳೆ ರಸದಲ್ಲಿ ಮಾರ್ಗರೆಟ್ ಎಷ್ಟು ಮಾತ್ರೆ ಬೆರೆಸಿದಳು ಅನ್ನುವುದನ್ನು ರೆನ್‌ವಿಕ್ ಬಾಯಿಬಿಟ್ಟು ಹೇಳಲಿಲ್ಲ. ಕೆಲವರು ಇದು ಕ್ರೂರ ಅಂದರು. ನನಗೆ ಹಾಗನ್ನಿಸುವುದಿಲ್ಲ. ಜನ ಅವನನ್ನು ಎಷ್ಟು ಹಚ್ಚಿಕೊಂಡಿದ್ದರು ಅನ್ನುವುದು ಆಗಲೇ ಗೊತ್ತಾದದ್ದು: ಆ ಸಾವನ್ನು ಚಿತ್ರೀಕರಿಸಿದ ಹ್ಯಾಂಪ್‌ಷೈರಿನ ಶಾಫರ್ಡ್ ಊರಿನ ರಸ್ತೆ ಬದಿಗೆ ಹೋಗಿ ಹೂವಿಟ್ಟು ಬಂದರು.

ನೋಡುವ ಮನಸ್ಸಿದ್ದರೆ ‘ಟೈಮ್‌ಲೆಸ್ ಟೈಮ್’ನಿಂದ ಶುರುಮಾಡಿ. ಆಮೇಲೆ ಟ್ರಾಫಿಕ್ ಜಾಮಿನದು, ಆಮೇಲೆ ‘ದ ಟ್ರಯಲ್’. ಕೊನೆಯ ಕಂತಿಗೆ ಮಾತ್ರ ಅವಸರ ಬೇಡ, ಅವನ ಜೊತೆ ಸಾಕಷ್ಟು ದಿನ ಒಡನಾಡಿದ ಮೇಲೆ ನೋಡಿ. ಮತ್ತೆ ನಡುವೆ ಎಲ್ಲಾದರೂ ಪ್ಯಾಟ್ರಿಕ್ಕೇ ಸರಿ ಅನ್ನಿಸಿದರೆ ಬಂದು ಹೇಳಿ, ಇಲ್ಲೇ ನಿಂತು ವಾದ ಮಾಡೋಣ.