ಚಪ್ಪಲಿ ಸಾಲಿನ ನಡುವೆ ಚೆಂಡು

ಬಂದಳಿಕೆಯ ಗುಡಿಗಳಲ್ಲಿ ಚಾಲುಕ್ಯರ ಕಾಲದ ನುಣುಪು ಕಂಬಗಳನ್ನು ಬಳಸಿ ಬಳಸಿ ನಡೆಯುವಾಗ, ಕಾಲ ಬುಡದಲ್ಲಿ ಒಂದು ಫುಟ್‌ಬಾಲ್ ಇದ್ದಿದ್ದರೆ ಎಂದು ನನ್ನಂಥ ಪಾಪಿಗೆ ಅನ್ನಿಸುವುದುಂಟು. ಕಾವಲಿನವರಿಗೆ ಹಾಗನ್ನಿಸುವುದಿಲ್ಲ, ಪುಣ್ಯ. ಇದು ಹತ್ತನೇ ಶತಮಾನದಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಜಕ್ಕಿಯಬ್ಬೆಯ ಊರು. ಚೆಂಡು ಹೊರಗಿನ ಬಯಲಲ್ಲೇ ಇರಲಿ.

ಆದರೆ ಶಾಲೆಯ ಮಕ್ಕಳಿಗೆ ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ತಟ್ಟುತ್ತಾ ಕಂಬ ಬಳಸಿ ಸಾಗುವುದನ್ನು, ಕಲಿಸಬೇಕೆಂದರೆ ಬಯಲಿಗೆ ಕಂಬ ಎಲ್ಲಿಂದ? ಪೇಟೆಯಲ್ಲಿ ಕೇಸರಿ ಬಣ್ಣದ ಕೋನ್ ಸಿಗುತ್ತದೆ. ಅಡಿಕೆ ಹಾಳೆ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರ ಮೇಲೆ ಕೂತು ಎಳೆಸಿಕೊಂಡವರಿಗೆಲ್ಲ ಅದು ಹೇಗೆ ಜಾರುತ್ತದೆಂದು ಗೊತ್ತು. ನನ್ನ ಮತ ಚಪ್ಪಲಿಗೆ. ಮಕ್ಕಳು ಹೇಗೂ ಬಿಟ್ಟೇ ಆಡುತ್ತಾರೆ. ಎರಡೆರಡು ಹೆಜ್ಜೆಗೊಂದರಂತೆ ಸಾಲಾಗಿಟ್ಟರೆ ಆಯಿತು. ತನ್ನ ಹೊಸ ಚಪ್ಪಲಿಯ ಹತ್ತಿರ ಬಂದಾಗ ಎಂಥ ಪೋರನೂ ಚೆಂಡನ್ನು ನಾಜೂಕಾಗಿ ತಿರುಗಿಸುತ್ತಾನೆ.

ಚೆಂಡಿನದೇ ತಾಪತ್ರಯ. ಇಡೀ ತರಗತಿಗೆ ಒಂದೇ ಚೆಂಡು ಕೊಟ್ಟರೆ ಒಬ್ಬ ಆಡುತ್ತಾನೆ, ಉಳಿದವರು ಸಾಲಲ್ಲಿ ನಿಂತು ಜಗಳ ಕಲಿಯುತ್ತಾರೆ. ಅದರ ಬದಲು ಹಳೆ ಕಾಲುಚೀಲಕ್ಕೆ ಚಿಂದಿ ತುರುಕಿ ಬಿಗಿಯಾಗಿ ಹೊಲಿದು ತಲೆಗೊಂದು ಕೊಡಿ. ಅದು ಪುಟಿಯುವುದಿಲ್ಲ, ದೂರ ಉರುಳುವುದೂ ಇಲ್ಲ. ಕಲಿಯುವವರಿಗೆ ಬೇಕಾದದ್ದೇ ಅದು. ಪಾದದ ಒಳಬದಿಯಿಂದೊಮ್ಮೆ, ಹೊರಬದಿಯಿಂದೊಮ್ಮೆ, ಹೆಜ್ಜೆ ಹೆಜ್ಜೆಗೂ ಮೆಲ್ಲಗೆ ತಟ್ಟುತ್ತಾ ಸಾಗಬೇಕು. ಎಡಗಾಲೂ ದುಡಿಯಬೇಕು. ಕಣ್ಣು ಮಾತ್ರ ಚೆಂಡಿಗೇ ಅಂಟಬಾರದು. ಅದಕ್ಕೆ ಮೇಷ್ಟ್ರು ಎದುರು ನಿಂತು ಕೈಯೆತ್ತಿ, "ಎಷ್ಟು ಬೆರಳೋ?" ಎಂದು ಕೇಳುತ್ತಿರಬೇಕು. "ಮೂರು ಸಾರ್!" ಎಂದು ತಲೆಯೆತ್ತದೆಯೇ ಕೂಗುವವನೊಬ್ಬ ಇದ್ದೇ ಇರುತ್ತಾನೆ. ಹಿಂದಿನ ಸಲ ಮೂರು ತೋರಿಸಿದ್ದರಲ್ಲ!

ಬರಿಗಾಲೆಂದು ಮೂಗು ಮುರಿಯುವವರಿಗೆ ಬೆಂಗಳೂರಿನ ಅಹ್ಮದ್ ಖಾನ್ ಹೆಸರು ಹೇಳಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ತಂಡದಲ್ಲಿ ಅವರಿದ್ದರು. ಚೆಂಡನ್ನು ಆಡಿಸುತ್ತಿದ್ದ ಪರಿ ಕಂಡು ಜನ ಅವರನ್ನು ಹಾವಾಡಿಗ ಎಂದರು. ಆ ತಂಡ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕೈಚೆಲ್ಲಿ 2–1ರಿಂದ ಸೋತಿತು. ಅದಕ್ಕೆ ಡ್ರಿಬ್ಲಿಂಗನ್ನು ದೂರಿ ಫಲವಿಲ್ಲ.

ಚಿಂದಿ ಚೆಂಡಿನಲ್ಲಿ ಕಾಲು ಪಳಗಿದ ಮೇಲೆ ನಿಜವಾದ ಚೆಂಡು ಬೇಕೇ ಬೇಕು. ಬಂದಳಿಕೆ ನೋಡಲು ಬರುವವರು ಮನೆಯ ಅಟ್ಟದಲ್ಲಿರುವ ಹಳೆಯ ಫುಟ್‌ಬಾಲನ್ನು ದಾರಿಯಲ್ಲಿನ ಯಾವುದಾದರೂ ಶಾಲೆಗೆ ಕೊಟ್ಟು ಹೋಗಿ. ಗಾಳಿ ತುಂಬುವ ಸೂಜಿಯನ್ನೂ ಮರೆಯದೆ ಕೊಡಿ. ಶಾಲೆಗಳಲ್ಲಿ ಮೊದಲು ಕಳೆಯುವುದು ಅದೇ.