ಐವತ್ತೊಂದನೇ ಮೀಟರಿನ ಪಫ್

ಮಕ್ಕಳಿಗೆ ಒಳ್ಳೆಯ ಊಟ, ಒಳ್ಳೆಯ ವ್ಯಾಯಾಮ ಕಲಿಸುವ ಕಾರ್ಯಕ್ರಮ ಹತ್ತೂವರೆಗೆ ಎಂದು ಆಮಂತ್ರಣದಲ್ಲಿದ್ದರೆ ಮಕ್ಕಳನ್ನು ಒಂಬತ್ತಕ್ಕೇ ಶಾಮಿಯಾನದ ಕೆಳಗೆ ತಂದು ಕೂರಿಸಬೇಕು. ಬೆಂಗಳೂರಿನ ಮತ್ತಿಕೆರೆಯಲ್ಲೂ ಇದೇ ಪದ್ಧತಿ, ಮಲ್ಲೇಶ್ವರದಲ್ಲೂ ಇದೇ. ಮುಖ್ಯ ಅತಿಥಿಗಳು ದಯಮಾಡಿಸುವುದು ಹನ್ನೊಂದೂಮುಕ್ಕಾಲಿಗೆ. ಅಲ್ಲಿಯವರೆಗೆ ಕೈಕಟ್ಟು, ಬಾಯಿಮುಚ್ಚು. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿ ವೇದಿಕೆಯ ಮೇಲಿದ್ದವರಿಗೆ. ಕೆಳಗಿದ್ದವರಿಗೆ ಹಣ್ಣಿನ ಚಿತ್ರವಿರುವ ಬ್ಯಾನರ್ ಉಂಟು. ಕೊನೆಗೂ ಅತಿಥಿಗಳ ಕೈಗೆ ಮೈಕು ಬರುತ್ತದೆ. ಈಗಿನ ಮಕ್ಕಳು ಕೂತ ಜಾಗ ಬಿಟ್ಟು ಏಳುವುದೇ ಇಲ್ಲವಲ್ಲ ಎಂದು ಅವರು ಕಳವಳಪಡುತ್ತಿರುವಾಗ, ಏಳಲು ಹೊರಟ ಹುಡುಗನೊಬ್ಬನನ್ನು ಟೀಚರು ಕಣ್ಣಿನಲ್ಲೇ ಕೂರಿಸುತ್ತಾರೆ. ವಂದನಾರ್ಪಣೆ ಮುಗಿದ ಮೇಲೆ ಲಘು ಉಪಾಹಾರ: ಕ್ರೀಮ್ ಬಿಸ್ಕತ್ತು, ಸ್ಟ್ರಾ ಅಂಟಿಸಿದ ಜ್ಯೂಸ್ ಪ್ಯಾಕೆಟ್. ಪ್ರಾಯೋಜಕರು ಯಾರೆಂದು ಕೇಳುವುದು ಸಭ್ಯತೆಯಲ್ಲ.

5ರಿಂದ 17 ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಶಾಲೆಗಳೇನೂ ಇದಕ್ಕೆ ವಿರುದ್ಧವಿಲ್ಲ. ಟೈಮ್‌ಟೇಬಲ್‌ನಲ್ಲಿ ಪಿ.ಟಿ. ಪೀರಿಯಡ್ ಇದ್ದೇ ಇರುತ್ತದೆ. ಅದರಲ್ಲಿ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸುತ್ತಾರೆ, ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೊಂದು ಆಟದ ಮೈದಾನ ಬೇಕು ಎನ್ನುತ್ತದೆ, ಎಷ್ಟುದ್ದ ಎಷ್ಟಗಲ ಎಂದು ಹೇಳುವುದಿಲ್ಲ. ಈ ಔದಾರ್ಯದಿಂದ ಬದುಕಿಕೊಂಡ ಆಡಳಿತ ಮಂಡಳಿಗಳು ಎಷ್ಟೋ. ಬೆಳಿಗ್ಗೆ ಟೀಚರುಗಳ ಸ್ಕೂಟರ್ ನಿಲ್ಲುವ ಜಾಗವೇ ತಪಾಸಣೆಯ ದಿನ ಮೈದಾನ. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಶುರುವಾಯಿತು. ಆಮೇಲೆ ಶಾಲೆಗಳಿಗೆ ಫಿಟ್ ಇಂಡಿಯಾ ಧ್ವಜ, ಅದರ ಮೇಲೆ ಮೂರು ಸ್ಟಾರ್, ಐದು ಸ್ಟಾರ್. ಹುಡುಗರು ಓಡುತ್ತಾರೋ ಬಿಡುತ್ತಾರೋ, ಪೋರ್ಟಲ್‌ಗೆ ಫೋಟೋ ಏರಿಸುವ ಗುಮಾಸ್ತರು ಮಾತ್ರ ಬೆವರುತ್ತಾರೆ.

ಹಾಗೆಂದು ಈ ಊರು ಆಟಕ್ಕೆ ಏನೂ ಕೊಟ್ಟಿಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಕೆರೆಗಳನ್ನೇ ಕೊಟ್ಟಿದೆ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆ ಇದ್ದಲ್ಲಿ ಹಾಕಿ ಕ್ರೀಡಾಂಗಣ; ಚಲ್ಲಘಟ್ಟದ ಕೆರೆಯಂಗಳದಲ್ಲಿ ದೊಡ್ಡವರು ಗಾಲ್ಫ್ ಆಡುತ್ತಾರೆ. ಮತ್ತಿಕೆರೆಯ ಕೆರೆಯನ್ನು ಹುಡುಕಿಕೊಂಡು ಹೋದರೆ ಸಿಗುವುದು ಜಯಪ್ರಕಾಶ ನಾರಾಯಣ ಉದ್ಯಾನ. ಬೆಳಗಿನ ಜಾವ ಬಿ.ಪಿ., ಶುಗರ್‌ನವರು ಅಲ್ಲಿ ಸುತ್ತು ಹಾಕುವ ಶ್ರದ್ಧೆ ನೋಡಿದರೆ ಎಂಥವರಿಗೂ ಕೈಮುಗಿಯಬೇಕೆನಿಸುತ್ತದೆ. ಆದರೆ ಬಡಾವಣೆಯ ಸಣ್ಣ ಪಾರ್ಕುಗಳಿಗೆ ಬನ್ನಿ. ಚೆಂಡಾಟ ನಿಷೇಧಿಸಿದೆ, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕಾಲಿಡಬಾರದು ಎಂಬ ಹಲಗೆಗಳು ಗೇಟಿನಲ್ಲೇ ಎದುರಾಗುತ್ತವೆ. ಉದ್ಯಾನ ಮತ್ತು ಆಟದ ಬಯಲುಗಳನ್ನು ರಕ್ಷಿಸಲು ನಮ್ಮಲ್ಲಿ 1985ರಿಂದಲೇ ಕಾಯ್ದೆಯಿದೆ. ಯಾರಿಂದ ರಕ್ಷಿಸಬೇಕು ಎಂಬ ಪ್ರಶ್ನೆ ಬಂದಾಗ, ಕಟ್ಟಡ ಕಟ್ಟುವವರಿಗಿಂತ ಮಕ್ಕಳನ್ನು ಓಡಿಸುವುದು ಸುಲಭವೆಂದು ಕಂಡಿರಬೇಕು.

ಇನ್ನು ತಿನ್ನುವ ವಿಚಾರ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೂ ಶಾಲೆಯ ಗೇಟಿನಿಂದ 50 ಮೀಟರ್‌ವರೆಗೂ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿತು. ಬೆಂಗಳೂರಿನಲ್ಲಿ ಬೇಕರಿಯಿಲ್ಲದ 50 ಮೀಟರ್ ರಸ್ತೆ ಎಲ್ಲಿದೆಯೆಂದು ಆ ಪ್ರಾಧಿಕಾರ ತೋರಿಸಿಕೊಟ್ಟರೆ ಅಲ್ಲೊಂದು ಬೇಕರಿ ತೆರೆಯಲು ಹಾಸನದ ಕಡೆಯ ಹತ್ತು ಜನ ತಯಾರಿದ್ದಾರೆ. ಹಾಗೆ ತೆರೆದವರನ್ನು ಕೇಳಿದರೆ, "ಟೇಪ್ ತಂದು ಅಳ್ಕೊಳ್ಳಿ ಸಾರ್, ನಮ್ದು ಐವತ್ತೊಂದು ಮೀಟ್ರು ಐತೆ" ಎನ್ನುತ್ತಾರೆ. ಐವತ್ತನೇ ಮೀಟರಿನಲ್ಲಿ ವಿಷವಾಗಿದ್ದ ಪಫ್ಪು, ಹನಿ ಕೇಕು, ಆಲೂ ಬನ್ನು ಒಂದೇ ಹೆಜ್ಜೆ ಆಚೆ ಅಮೃತ. ನನಗೆ ಬೇಕರಿಯವರ ಮೇಲೇನೂ ಸಿಟ್ಟಿಲ್ಲ. ಕಾನೂನನ್ನು ಇಷ್ಟು ನಿಖರವಾಗಿ ಪಾಲಿಸುವವರು ಈ ರಸ್ತೆಯಲ್ಲಿ ಇನ್ನಾರೂ ಇಲ್ಲ. ಮಗು ನಡೆಯುವ ಆ ಐವತ್ತೊಂದು ಮೀಟರನ್ನು ವ್ಯಾಯಾಮದ ಲೆಕ್ಕಕ್ಕೆ ಹಾಕಿಕೊಳ್ಳಬಹುದಲ್ಲ.

2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಿಯುವುದನ್ನು ನಿಲ್ಲಿಸಿತು, ಬಾಂಬೆ ಮಿಠಾಯಿಯ ರೋಡಮಿನ್-ಬಿ ಬಣ್ಣಕ್ಕೂ ನಿಷೇಧ ಬಂತು. ಒಳ್ಳೆಯ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಕೆಂಪು ಹೋದ ಗೋಬಿ ಮಾತ್ರ ಈಗ ತಾನೂ ತರಕಾರಿಯೇ ಎಂದು ಎದೆಯುಬ್ಬಿಸಿಕೊಂಡು ನಿಂತಿದೆ. ಅದಕ್ಕೆ ಅಂತಾರಾಷ್ಟ್ರೀಯ ಬೆಂಬಲವೂ ಇದೆ: 2011ರಲ್ಲಿ ಅಮೆರಿಕದ ಸಂಸತ್ತು, ಶಾಲೆಯ ಪಿಜ್ಜಾದ ಮೇಲಿನ ಎರಡು ಚಮಚ ಟೊಮೆಟೊ ಪೇಸ್ಟನ್ನು ಒಂದು ಪಾಲು ತರಕಾರಿಯೆಂದೇ ಎಣಿಸುವ ಪದ್ಧತಿಯನ್ನು ಉಳಿಸಿಕೊಂಡಿತು.

ಮನೆಯೊಳಗಿನ ಶತ್ರು ಡಬ್ಬಿಯಲ್ಲಿರುತ್ತದೆ. ಬೋರ್ನ್‌ವಿಟಾದಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ 2024ರಲ್ಲಿ ಸೂಚಿಸಿತು. ಪಟ್ಟಿಯಿಂದ ಹೋಯಿತು, ಅಡುಗೆಮನೆಯ ಶೆಲ್ಫಿಗೆ ಆ ಸೂಚನೆ ಇನ್ನೂ ತಲುಪಿಲ್ಲ.

ಇದೇ ಮತ್ತಿಕೆರೆಯಲ್ಲಿ, ಅಪಾರ್ಟ್‌ಮೆಂಟಿನ ಮಗುವಿಗೆ ಕೊಬ್ಬು ಕಡಿಮೆ ತಿನ್ನು ಎಂದು ಬೋಧಿಸುವ ಅದೇ ಸ್ಲೈಡುಗಳನ್ನು ಸರ್ಕಾರಿ ಶಾಲೆಯ ಗೋಡೆಯ ಮೇಲೂ ಬಿಡುತ್ತಾರೆ. ಆ ಅಪಾರ್ಟ್‌ಮೆಂಟು ಕಟ್ಟಿದ ಗಾರೆ ಕೆಲಸದವರ ಮಕ್ಕಳು ಕೂತು ನೋಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4, ತೂಕ ಹೆಚ್ಚಾದವರು ಶೇ. 3ರ ಆಸುಪಾಸು. ಬಾದಾಮಿ, ಆವಕಾಡೊ, ಬ್ರಾಕಲಿಗಳ ಚಿತ್ರ ತೋರಿಸಿ ದಿನಾ ಐದು ಬಣ್ಣದ ತರಕಾರಿ ತಿನ್ನಿ ಎಂದಾಗ ಈ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸಿನಿಮಾ ಚೆನ್ನಾಗಿದ್ದರೆ ತಟ್ಟಬೇಕಲ್ಲ.

ಆ ಮಕ್ಕಳ ಹೊಟ್ಟೆ ನಿಜವಾಗಿ ಕಂಡದ್ದು ಅಕ್ಷರ ದಾಸೋಹದ ಬಿಸಿಯೂಟವನ್ನು, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲನ್ನು, ಈಚೆಗೆ ಆ ಹಾಲಿಗೆ ಬಿದ್ದ ರಾಗಿಯನ್ನು, ಮೊಟ್ಟೆಯನ್ನು. ಇವುಗಳಿಗೆ ಸ್ಲೈಡು ಬೇಕಾಗಲಿಲ್ಲ, ತಟ್ಟೆ ಸಾಕಾಯಿತು. ಮೊಟ್ಟೆಗೆ ಮಾತ್ರ ಭಾರೀ ಉಪನ್ಯಾಸವಾಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಆದರೂ ಪಕ್ಕದ ತಟ್ಟೆಯ ಮೊಟ್ಟೆ ನೋಡಿದರೆ ಸಂಸ್ಕೃತಿ ಕೆಡುತ್ತದೆಂಬ ಆತಂಕ. ನಾಡಿನ ಆಹಾರತಜ್ಞರೆಲ್ಲ ಟಿ.ವಿ.ಯಲ್ಲಿ ಪ್ರೋಟೀನಿನ ಲೆಕ್ಕ ಒಪ್ಪಿಸುತ್ತಿರುವಾಗ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು, ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದುಬಿಟ್ಟಳು. ಪೌಷ್ಟಿಕತೆಯ ಅರಿವು ಮೂಡಿಸಿದ ಭಾಷಣಗಳಲ್ಲಿ ನನಗೆ ನೆನಪಿರುವುದು ಅದೊಂದೇ. ಅದಕ್ಕೆ ಶಾಮಿಯಾನವೂ ಇರಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣದಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಸಂಸ್ಕೃತಿ ಏನಾಯಿತೆಂದು ಯಾರೂ ಸಮೀಕ್ಷೆ ಮಾಡಿದಂತಿಲ್ಲ.

ಒಂದು ವಿಚಿತ್ರ ಗಮನಿಸಿ. ಮನೆಗೆ ದಿನಸಿ ತರುವುದು ದೊಡ್ಡವರು, ಬೇಕರಿಗೆ ಲೈಸೆನ್ಸು ಕೊಡುವುದು ದೊಡ್ಡವರು, ಮೈದಾನ ಹರಾಜು ಹಾಕುವುದೂ ಅವರೇ. ವಾರ್ಡಿನಲ್ಲಿ ಕಾಸೂ ಇಲ್ಲದ, ಓಟೂ ಇಲ್ಲದ ಪ್ರಜೆ ಎಂದರೆ ಮಗು. ಆದ್ದರಿಂದ ಜವಾಬ್ದಾರಿಯನ್ನೆಲ್ಲ ಅದರ ತಲೆಗೆ ಕಟ್ಟಿ ಕೊರಳಿಗೆ 'ಆರೋಗ್ಯ ರಾಯಭಾರಿ' ಎಂಬ ಬ್ಯಾಡ್ಜು ಹಾಕಿರುತ್ತಾರೆ.

ಬ್ಯಾಡ್ಜು ಹಾಕಿಕೊಂಡೇ ರಾಯಭಾರಿಗಳು ಸಂಜೆ ಕ್ರಾಸಿನಲ್ಲಿ ವಿಕೆಟ್ ನೆಡುತ್ತಾರೆ. ವಿಕೆಟ್ ಎಂದರೆ ಎರಡು ಇಟ್ಟಿಗೆ, ಆಫ್‌ಸೈಡಿನಲ್ಲಿ ಬಿಳಿ ಕಾರು, ಲೆಗ್‌ಸೈಡಿನಲ್ಲಿ ಕರಿ ಕಾರು. ಟೆನಿಸ್ ಬಾಲ್ ಬಿಳಿ ಕಾರಿನ ಕನ್ನಡಿಗೆ ತಾಗಿದ್ದೇ ತಡ, ಮಹಡಿಯಿಂದ ಅಂಕಲ್ ಇಳಿದು ಬಂದು ಬಾಲನ್ನು ಜೇಬಿಗಿಳಿಸುತ್ತಾರೆ.

"ಅಂಕಲ್ ಪ್ಲೀಸ್ ಅಂಕಲ್, ಬಾಲ್ ಕೊಡಿ ಅಂಕಲ್."

"ನಿಮ್ಮಪ್ಪನ್ನ ಕರ್ಕೊಂಡ್ ಬಾ, ಕೊಡ್ತೀನಿ."

ಅಪ್ಪ ಬರುತ್ತಾರೆ. ಬಾಲ್ ಕೇಳುವುದಿಲ್ಲ. "ಅಬ್ಯಾಕಸ್ ಕ್ಲಾಸ್ ಬಿಟ್ಟು ಇಲ್ಲೇನೋ ಮಾಡ್ತಿದೀಯಾ?" ಎಂದು ಮಗನ ರಟ್ಟೆ ಹಿಡಿದು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುತ್ತಾರೆ. ಕ್ಲಾಸು ಎರಡು ಕ್ರಾಸ್ ಆಚೆಗಿದೆ.