ಇನ್ನೂ ಬಾರದವರಿಂದ, ಸ್ವಲ್ಪ ಮೊದಲೇ ಬಂದವರಿಗೆ

ಗೆ,
ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಖಜಾಂಚಿಗಳು,
ಮೈಸೂರಿನ ಸಮಸ್ತ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು.

ವಿಷಯ: ಪಕ್ಕದ ಖಾಲಿ ಜಾಗದಲ್ಲಿ ಬಹುಮಹಡಿ ವಸತಿ ಸಮುಚ್ಚಯ ಬರಕೂಡದೆಂಬ ಮನವಿಯನ್ನು ಕೆಲವು ತಿದ್ದುಪಡಿಗಳೊಂದಿಗೆ ಬೆಂಬಲಿಸುವ ಬಗ್ಗೆ.

ಮಾನ್ಯರೇ,

ಈ ಪತ್ರದ ಅರ್ಜಿದಾರರು ಇನ್ನೂ ಕಟ್ಟದ ಮನೆಗಳ ಇನ್ನೂ ಬಾರದ ನಿವಾಸಿಗಳು. ಯಾವ ಬಡಾವಣೆಯ ಮನವಿ ತೆರೆದರೂ ಅವರ ಪ್ರಸ್ತಾಪ ಅಲ್ಲಲ್ಲಿ ಸಿಗುತ್ತದೆ. ಬಾಡಿಗೆಯ ಮಾತು ಬಂದಾಗ ಅವರು ‘ಬ್ಯಾಚುಲರ್‌ಗಳು’, ಪಾರ್ಕಿಂಗ್ ಮಾತು ಬಂದಾಗ ‘ಮನೆಗೆರಡು ಕಾರಿನವರು’, ಮಿಕ್ಕ ಸಮಯದಲ್ಲೆಲ್ಲ ‘ಹೊರಗಿನವರು’. ಮುಖ ನೋಡದೆಯೇ ಇಷ್ಟು ಚೆನ್ನಾಗಿ ಗುರುತು ಹಿಡಿದಿರುವುದಕ್ಕೆ ಅರ್ಜಿದಾರರು ಆಭಾರಿಗಳು. ಗೇಟಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಬೋರ್ಡು ನೇತುಹಾಕುವ ಊರಿನಲ್ಲಿ ಬರುವವರ ವಿವರ ಮೊದಲೇ ತಿಳಿದಿರುವುದು ಸಹಜ.

ಮೊದಲ ತಿದ್ದುಪಡಿ ಇತಿಹಾಸದ್ದು. ಬಡಾವಣೆಯು ಅನಾದಿ ಕಾಲದಿಂದ ಪ್ರಶಾಂತವಾಗಿತ್ತು ಎಂಬರ್ಥದ ವಾಕ್ಯವೊಂದು ಇಂಥ ಮನವಿಗಳಲ್ಲಿ ತಪ್ಪದು. ಮೈಸೂರಿನ ಮಟ್ಟಿಗೆ ಆ ಅನಾದಿಗೆ ಇಸವಿ ಇದೆ: 1903. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಹೋದ ಮೇಲೆ, ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಜನರಿಗೆ ಗಾಳಿ ಬೆಳಕು ಕಾಣಿಸಲೆಂದು ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿದ ವರ್ಷ ಅದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಒಂದರ ಹಿಂದೊಂದು ಎದ್ದವು. ಅಗಲವಾದ ರಸ್ತೆ, ಸಾಲುಮರ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಇಂದು ಪಾರಂಪರಿಕ ಎಂದು ಫಲಕ ಹಾಕಿಸಿಕೊಂಡಿರುವ ಆ ಬೀದಿಗಳೆಲ್ಲ ಅಂದು ಊರಾಚೆಯ ಹೊಸ ಎಕ್ಸ್‌ಟೆನ್ಷನ್ನುಗಳು. ಅಲ್ಲಿಗೆ ಹೋದವರೂ ಹೊರಗಿನವರೇ. ಆ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ಎಷ್ಟು ಈಗಲೂ ಗಲ್ಲಿಗಳಾಗಿ ಉಳಿದಿವೆ, ಎಷ್ಟು ಯಾರ ಯಾರ ಸ್ನಾನದ ಮನೆಗಳಾಗಿವೆ ಎಂದು ಸಂಘದವರು ಒಮ್ಮೆ ಎಣಿಸಿದರೆ ಮನವಿಗೆ ಒಳ್ಳೆಯ ಅನುಬಂಧವಾದೀತು.

1988ರಲ್ಲಿ ಟ್ರಸ್ಟ್ ಮಂಡಳಿ ಹೋಗಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಅದೂ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವೆಂದು ಹೆಸರು ಬದಲಿಸಿಕೊಂಡಿದೆ. ಹೆಸರು ಯಾವುದೇ ಇರಲಿ, ಕೆಲಸ ಒಂದೇ: ಹೊಲಕ್ಕೆ ಕಲ್ಲು ನೆಡುವುದು. ನಾಚನಹಳ್ಳಿಪಾಳ್ಯ, ಹಿನಕಲ್, ಕೆಸರೆ, ಸಾತಗಳ್ಳಿ, ಆಲನಹಳ್ಳಿ ಎಲ್ಲ ರಾಗಿ ಬೆಳೆಯುತ್ತಿದ್ದ ಊರುಗಳು. ಭೂಸ್ವಾಧೀನದ ನೋಟಿಸು ಬಂದಾಗ ಅಲ್ಲಿಯ ರೈತರೂ ತಕರಾರು ಬರೆದರು, ಕಚೇರಿ ಮೆಟ್ಟಿಲು ಹತ್ತಿದರು, ಕೋರ್ಟಿಗೂ ಹೋದರು. ಅವರಿಗೆ ಲೆಟರ್‌ಹೆಡ್ ಇರಲಿಲ್ಲ. ಅವರ ಹೊಲದಲ್ಲಿ ಎದ್ದ ಮೂವತ್ತು-ನಲವತ್ತರ ಸೈಟಿನ ಮನೆಯ ಬಾಲ್ಕನಿಯಲ್ಲಿ ಕೂತು, ಮಿಕ್ಕಿರುವ ಹಸಿರನ್ನಾದರೂ ಉಳಿಸಿ ಎಂದು ಬರೆಯುವವರಿಗೆ ಅದು ಇದೆ.

ಹಾಗೆಂದು ವಿರೋಧವೇ ತಪ್ಪು ಎಂದು ಅರ್ಜಿದಾರರು ಹೇಳುತ್ತಿಲ್ಲ. ವಿರೋಧ ಮಾಡಿಯೇ ಮೈಸೂರು ಮೈಸೂರಾಗಿ ಉಳಿದ ಉದಾಹರಣೆಗಳಿವೆ. 2021ರಲ್ಲಿ ಲಲಿತಮಹಲ್ ಬಳಿ ಹೆಲಿಕಾಪ್ಟರ್ ವಿಹಾರಕ್ಕೆಂದು 140ಕ್ಕೂ ಹೆಚ್ಚು ಮರ ಕಡಿಯುವ ಪ್ರಸ್ತಾಪ ಬಂದಾಗ ಊರು ಎದ್ದು ನಿಂತಿತು, ಮರಗಳೂ ನಿಂತವು. 2022ರ ಬಜೆಟ್ಟಿನಲ್ಲಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಘೋಷಣೆಯಾಯಿತು. ಸಾವಿರ ಮೆಟ್ಟಿಲು ಹತ್ತುವವರೂ ಹತ್ತದವರೂ ಸೇರಿ ಬೇಡವೆಂದರು, ಕೆಲವೇ ತಿಂಗಳಲ್ಲಿ ಸರ್ಕಾರ ಕೈಬಿಟ್ಟಿತು. ಅದರ ಹಿಂದಿನ ವರ್ಷವಷ್ಟೇ ಅಕ್ಟೋಬರಿನ ಮಳೆಗೆ ಬೆಟ್ಟದ ನಂದಿ ವಿಗ್ರಹದ ಕಡೆಗಿನ ರಸ್ತೆ ಕುಸಿದು ಬಿದ್ದಿತ್ತಾದ್ದರಿಂದ, ಬೆಟ್ಟ ಇನ್ನೆಷ್ಟು ಹೊರಬಲ್ಲದು ಎಂಬುದಕ್ಕೆ ತಜ್ಞರ ವರದಿ ಬೇಕಿರಲಿಲ್ಲ. ಈ ಮನವಿಗಳಿಗೆ ಅರ್ಜಿದಾರರ ಸಹಿಯೂ ಇದೆಯೆಂದು ಭಾವಿಸತಕ್ಕದ್ದು. ತಡವಾಗಿ ಎಚ್ಚೆತ್ತದ್ದೂ ಉಂಟು: 2025ರ ಏಪ್ರಿಲಿನಲ್ಲಿ ಹೈದರಾಲಿ ರಸ್ತೆಯ 40 ಮರಗಳು ರಾತ್ರೋರಾತ್ರಿ ಉರುಳಿದವು, ಮನವಿ ಬರೆಯಲು ಯಾರಿಗೂ ವ್ಯವಧಾನ ಸಿಗಲಿಲ್ಲ.

ಯಾದವಗಿರಿಯ ಕಥೆ ಇನ್ನೂ ಸ್ವಾರಸ್ಯದ್ದು. ಆರ್.ಕೆ. ನಾರಾಯಣ್ ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡಿದ್ದ ಮನೆ ಬಿಲ್ಡರ್ ಕೈ ಸೇರಿ, 2011ರಲ್ಲಿ ಅಪಾರ್ಟ್‌ಮೆಂಟಿಗಾಗಿ ಒಡೆಯುವ ಕೆಲಸ ಶುರುವಾಗಿಯೇ ಬಿಟ್ಟಿತ್ತು. ಪತ್ರಿಕೆಗಳು ಕೂಗೆಬ್ಬಿಸಿದವು, ಕೆಲಸ ನಿಂತಿತು. ಸಾರ್ವಜನಿಕ ಹಣದಲ್ಲಿ ಮನೆಯನ್ನು ಕೊಂಡು ರಿಪೇರಿ ಮಾಡಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ನಡುವೆ ಕೆಲವು ಕನ್ನಡ ಸಾಹಿತಿಗಳು, ಇಂಗ್ಲಿಷಿನಲ್ಲಿ ಬರೆದವರಿಗೆ ಇಷ್ಟು ಖರ್ಚೇಕೆ ಎಂದು ತಕರಾರು ತೆಗೆದರು. ಅರ್ಧ ಶತಮಾನ ಮೈಸೂರಿನ ಬೀದಿ ಸುತ್ತಿದವರು ಕೂಡ ಇಲ್ಲಿ ಹೊರಗಿನವರ ಪಟ್ಟಿಯಿಂದ ಪೂರ್ತಿ ಬಿಡುಗಡೆ ಪಡೆಯಲಾಗದು ಎಂದಾದರೆ, ಅರ್ಜಿದಾರರು ಅವಸರ ಮಾಡುವುದಿಲ್ಲ. ಕೇಳುವುದು ಇಷ್ಟೇ: ಆ ಮನೆ ಉಳಿಯಿತು, ಸಂತೋಷ, ಅಲ್ಲಿ ಬರಬೇಕಿದ್ದ ಅಷ್ಟೂ ಸಂಸಾರಗಳು ಎಲ್ಲಿಗೆ ಹೋದವು?

ರಿಂಗ್ ರೋಡಿನ ಆಚೆಗೆ ಹೋದವು. ಎರಡನೇ ತಿದ್ದುಪಡಿ ಇದಕ್ಕೆ ಸಂಬಂಧಿಸಿದ್ದು.

ಊರೊಳಗೆ ನಾಲ್ಕು ಮಹಡಿ ಏರಿಸಿದರೆ ಗಾಳಿ ಬೆಳಕು ಹೋಯಿತೆಂದು ಮನವಿ ಸಲ್ಲಿಸಬಹುದು. ಮುಡಾ ಗುಂಪು ಮನೆಗಳ ಮಾತೆತ್ತಿದಾಗ, ಮೈಸೂರಿಗೆ ಅಪಾರ್ಟ್‌ಮೆಂಟ್ ಸಂಸ್ಕೃತಿ ಒಗ್ಗುವುದಿಲ್ಲ ಎನ್ನಬಹುದು. ಸೈಟಿಗೆ ಅರ್ಜಿ ಹಾಕಿ ಅಪ್ಪ ಮುದುಕನಾಗಿ, ಮಗ ಅದೇ ರಸೀದಿ ಹಿಡಿದು ಓಡಾಡುವ ಮನೆಗಳು ಈ ಊರಲ್ಲಿ ಕಡಿಮೆಯಿಲ್ಲ. ಅವರಿಗೆ ಸಂಸ್ಕೃತಿಯ ಬಗ್ಗೆ ಯಾರೂ ಕೇಳಿಲ್ಲ. ಮೇಲಕ್ಕೆ ಹೋಗಲು ಬಿಡದ ಊರು ಅಗಲಕ್ಕೆ ಹೋಗುತ್ತದೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳಿಗೆ ಪಟ್ಟಣ ಪಂಚಾಯಿತಿ, ಹೂಟಗಳ್ಳಿಗೆ ನಗರಸಭೆ ಆಗಿದ್ದು 2020ರಲ್ಲಿ. ಖಾಸಗಿ ಬಡಾವಣೆಗಳು ಅದಕ್ಕೂ ಮೊದಲೇ ಆಗಿದ್ದವು. 2023ರ ಮಾರ್ಚಿನಲ್ಲಿ ಬೆಂಗಳೂರಿನ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಕಮಾನು ಮೊದಲು, ರಸ್ತೆ ಆಮೇಲೆ, ಮೋರಿ ದೇವರಿಗೆ ಬಿಟ್ಟದ್ದು. ಕುಡಿಯಲು ಬೋರ್‌ವೆಲ್, ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್. ಕೆಆರ್‌ಎಸ್ ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆ ವರ್ಷಗಳಿಂದ ನಡೆಯುತ್ತಿದೆ. ನೀರಿಗಿಂತ ಮುಂಚೆ ಅದರ ಹೆಸರು ಸೈಟಿನ ಜಾಹೀರಾತಿಗೆ ಬಂದು ಸೇರಿದೆ.

ಕಾಗದಪತ್ರ ಸರಿಯಿಲ್ಲದ ಜಾಗಕ್ಕೆ ಕಟ್ಟಡ ಬೇಡ ಎನ್ನುವವರಿಗೆ ಕುರುಬಾರಹಳ್ಳಿ ಸರ್ವೆ ನಂಬರ್ 4ನ್ನು ನೆನಪಿಸುವುದು ಅಗತ್ಯ. ಬೆಟ್ಟದ ತಪ್ಪಲಿನ ಆ ಸರ್ವೆ ನಂಬರಿನ ತಕರಾರಿನಲ್ಲಿ ಸಿದ್ಧಾರ್ಥನಗರದಂಥ ಬಡಾವಣೆಗಳೇ ಸಿಕ್ಕಿಕೊಂಡವು. ಸರ್ಕಾರದ್ದೇ ಸಂಸ್ಥೆ ಸೈಟು ಹಂಚಿತ್ತು, ಜನ ಸಾಲ ಮಾಡಿ ಮನೆ ಕಟ್ಟಿ ಕಂದಾಯವನ್ನೂ ಕಟ್ಟಿದ್ದರು. 2015ರಲ್ಲಿ ಸರ್ಕಾರದ್ದೇ ಇನ್ನೊಂದು ಕಚೇರಿ ಅದು ‘ಬಿ’ ಖರಾಬು, ಅಂದರೆ ಸರ್ಕಾರಿ ಜಾಗ, ಎಂದಿತು. ಖಾತೆಗಾಗಿ ವರ್ಷಗಟ್ಟಲೆ ಅಲೆದವರು ಹೊರಗಿನವರಾಗಿರಲಿಲ್ಲ; ವಿಷ್ಣು ಸಹಸ್ರನಾಮ ಹೇಳಿಕೊಂಡು ಬೆಳಗಿನ ವಾಕಿಂಗ್ ಮಾಡುವ, ಸಂಘದ ಮಾಜಿ ಅಧ್ಯಕ್ಷರಾಗಬಲ್ಲ ಸಭ್ಯರೇ ಆಗಿದ್ದರು.

ಮೂರನೇ ತಿದ್ದುಪಡಿ ಸಣ್ಣದು. ನಾಗರಿಕ ಸೌಲಭ್ಯಕ್ಕೆ ಮೀಸಲಾದ ಸಿಎ ನಿವೇಶನ, ಪಾರ್ಕು ಉಳಿಯಬೇಕೆಂಬ ಬೇಡಿಕೆಗೆ ಅರ್ಜಿದಾರರ ಪೂರ್ಣ ಒಪ್ಪಿಗೆಯಿದೆ. ಅದೇ ಪಾರ್ಕಿನ ಮೂಲೆಯಲ್ಲಿ ಮೊದಲು ಅಶ್ವತ್ಥಕಟ್ಟೆಯಾಗಿ, ಆಮೇಲೆ ಶೀಟಾಗಿ, ಈಗ ಗೋಪುರವಾಗಿರುವ ಗಣಪತಿಗೆ ನಕ್ಷೆ ಮಂಜೂರಾತಿ ಯಾವ ವರ್ಷದ್ದು ಎಂಬ ಒಂದು ಸಾಲು ಸೇರಿಸಿದರೆ ಸಾಕು.

ಇನ್ನು ಕೆರೆ. ದೊಡ್ಡಕೆರೆ ಮೈದಾನದಲ್ಲಿ ದಸರಾ ವಸ್ತುಪ್ರದರ್ಶನ ನೋಡಿ, ಜೀವರಾಯನಕಟ್ಟೆಯಲ್ಲಿ ಕ್ರಿಕೆಟ್ ಆಡಿ, ಸುಬ್ಬರಾಯನಕೆರೆಯಲ್ಲಿ ಭಾಷಣ ಕೇಳಿ ಬೆಳೆದ ಊರಿಗೆ ನೀರು ಎಲ್ಲಿ ನಿಲ್ಲುತ್ತಿತ್ತು ಎಂದು ಬೇರೆಯವರು ಹೇಳಬೇಕಿಲ್ಲ. ಮುಮ್ಮಡಿ ಕೃಷ್ಣರಾಜರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆಗೆ ಕೊಳಚೆ ಹರಿದದ್ದು ಇನ್ನೂ ಕಟ್ಟದ ಮನೆಗಳಿಂದಲ್ಲ.

ಆದ್ದರಿಂದ ಅರ್ಜಿದಾರರ ಕೋರಿಕೆ ಹೀಗಿದೆ. ಸಂಘದವರು ಮನವಿಯಿಂದ ‘ಹೊರಗಿನವರು’, ‘ನಮ್ಮ ಏರಿಯಾದ ಲುಕ್ಕು’, ‘ಪ್ರೈವಸಿ’ ಎಂಬವನ್ನು ತೆಗೆದು, ಖಾಲಿಯಾದ ಜಾಗದಲ್ಲಿ ಬಿಲ್ಡರನ್ನು ಕೆಲವು ಪ್ರಶ್ನೆ ಕೇಳಲಿ: ನೀರು ಯಾವ ಪೈಪಿನದು, ಒಳಚರಂಡಿ ಎಲ್ಲಿಗೆ ಸೇರುತ್ತದೆ, ರಾಜಕಾಲುವೆಯಿಂದ ಎಷ್ಟು ಮೀಟರ್, ಸೆಟ್‌ಬ್ಯಾಕ್ ನಕ್ಷೆಯಲ್ಲಿದೆಯೋ ನೆಲದ ಮೇಲೂ ಇದೆಯೋ. ಉತ್ತರ ಬಾರದಿದ್ದರೆ ಧರಣಿಗೆ ಅರ್ಜಿದಾರರೂ ಬರುತ್ತಾರೆ, ಶಾಮಿಯಾನದ ಖರ್ಚಿನಲ್ಲಿ ಪಾಲು ಕೊಡುತ್ತಾರೆ. ಸರಿಯಾದ ಉತ್ತರ ಬಂದರೆ, ಇವೇ ಪ್ರಶ್ನೆಗಳನ್ನು ಪದಾಧಿಕಾರಿಗಳ ಮನೆಗಳಿಗೂ ಕೇಳಿ ಉತ್ತರವನ್ನು ಸಂಘದ ನೋಟಿಸ್ ಬೋರ್ಡಿಗೆ ಹಾಕಬೇಕೆಂದು ವಿನಂತಿ.

ಇಂತಿ ತಮ್ಮ ಭಾವೀ ನೆರೆಹೊರೆಯವರು.

ಪ್ರತಿಗಳು: ಮೈಸೂರು ಅಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೆ, ಮಾಹಿತಿಗಾಗಿ. ವಾಣಿವಿಲಾಸ ನೀರು ಸರಬರಾಜು ಕಚೇರಿಗೆ, ಮುಂದಿನ ಕ್ರಮಕ್ಕಾಗಿ. ಹೊರವಲಯದ ಟ್ಯಾಂಕರ್ ಮಾಲೀಕರಿಗೆ, ಅಭಿನಂದನೆಗಳೊಂದಿಗೆ.